ಮೂಲೆಗೆ ಸರಿದ ಬಟನ್

ಆಳಂದ
16 ಜೂನ್ 2024

ಪಲ್ಲವಿ,

ಹೋದ ವಾರ ನೀನು ಬಂದು ಕಂಪ್ಯೂಟರಿಗೆ ಹಾಕಿಕೊಟ್ಟ ಪ್ರೋಗ್ರಾಮಿನಲ್ಲಿಯೇ ಇದನ್ನು ಬರೆಯುತ್ತಿದ್ದೇನೆ. ಫೋನ್ ಮಾಡಿದ್ದರೆ ಎರಡು ಮಾತಿನಲ್ಲಿ ಮುಗಿಯುತ್ತಿತ್ತು. ಆದರೆ ಪ್ರೋಗ್ರಾಮಿನ ತಕರಾರನ್ನು ಪ್ರೋಗ್ರಾಮಿನಲ್ಲೇ ಬರೆದು ಕಳಿಸಬೇಕು, ಅದೇ ಅಭ್ಯಾಸ ಎಂದು ನೀನು ಷರತ್ತು ಹಾಕಿ ಜೇವರ್ಗಿಗೆ ಹೋಗಿದ್ದೀಯ. ಕಾಲೇಜಿನ ಮಕ್ಕಳಿಗೆ ಕಂಪ್ಯೂಟರ್ ಕಲಿಸಿ ಕಲಿಸಿ ಅಪ್ಪನಿಗೂ ಹೋಮ್‌ವರ್ಕ್ ಕೊಡುವ ಚಟ ಬಿದ್ದಿದೆ ನಿನಗೆ.

ಮೊದಲು ಇಲ್ಲಿಯ ಸಂಗತಿ. ಬಲಗೈ ನಡುಕ ಹೆಚ್ಚಾಗಿದೆ. ಇದು ಹೋಗುವ ಬೇನೆಯಲ್ಲ, ಮಾತ್ರೆಯಿಂದ ತಡೆಯಬಹುದು ಅಷ್ಟೇ ಎಂದು ಡಾಕ್ಟರು ಹೇಳಿದ್ದಾರೆ. ಪೆನ್ನು ಹಿಡಿಯಲು ಆಗುವುದಿಲ್ಲ. ಇಷ್ಟು ದಿನ ಪೇಪರಿನ ಕಲಬುರಗಿ ಕಚೇರಿಗೆ ಫೋನಿನಲ್ಲಿ ಸುದ್ದಿ ಹೇಳುತ್ತಿದ್ದೆ, ಅಲ್ಲಿ ಯಾರಾದರೂ ಬರೆದುಕೊಳ್ಳುತ್ತಿದ್ದರು. ಈಗ ಬರೆದುಕೊಳ್ಳುವವರು ಇಲ್ಲ. ನಮ್ಮ ಬ್ಯೂರೋ ಮುಖ್ಯಸ್ಥ ಶಾಂತಲಿಂಗಪ್ಪ ನೇರವಾಗಿಯೇ ಹೇಳಿದರು: “ಗುರುನಾಥ, ನಿಮ್ಮ ಸುದ್ದಿ ನೀವೇ ಟೈಪ್ ಮಾಡಿ ಕಳಸ್ರಿ. ಆಗಂಗಿಲ್ಲ ಅಂದ್ರ ಆಳಂದಕ್ಕ ಬ್ಯಾರೆದವರನ್ನ ಹುಡುಕಬೇಕಾಗ್ತದ. ಹೊಸ ವರ್ಷದ ತನಕ ನೋಡೋಣ್ರಿ.” ಸಿಟ್ಟಿನ ಮಾತಲ್ಲ. ಅವರ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಮೊಬೈಲಿಗೆ ಹೇಳಿದರೆ ಅದೇ ಬರೆದುಕೊಳ್ಳುತ್ತದೆ ಎಂದಿದ್ದೆಯಲ್ಲ, ಮಾಡಿ ನೋಡಿದೆ. ನಮ್ಮ ಮನೆಯ ಗೋಡೆ ತೆಳು. ಪುರಸಭೆಯ ಸುದ್ದಿ ಅರ್ಧ ಹೇಳುವಷ್ಟರಲ್ಲಿ ಪಕ್ಕದ ಮನೆಯ ಬದರುನ್ನಿಸಾ ಕಿಟಕಿಯಿಂದಲೇ, “ಆಮ್ಯಾಲ ಏನಾತ್ರಿ ಭಾಯಿ?” ಎಂದು ಕೇಳಿದರು. ಸುದ್ದಿ ಪೇಪರಿಗಿಂತ ಮೊದಲು ಓಣಿಗೆ ಮುಟ್ಟಬಾರದು. ಹಾಗಾಗಿ ಟೈಪ್ ಮಾಡುವುದೇ ಸರಿ.

ಕೀಬೋರ್ಡಿನ ತೊಂದರೆ ಇಲ್ಲ. ಬೆರಳು ನಡುಗಿ ಒಂದೇ ಅಕ್ಷರವನ್ನು ಎರಡು ಸಲ ಬಡಿದರೂ ಒಂದೇ ಸಲ ಮೂಡುವಂತೆ ಮಾಡಿದ್ದೀಯ. ಪರದೆಯ ಮೇಲಿನ ಎರಡು ಚೌಕಗಳೂ ನನ್ನ ಕೆಲಸದ ರೀತಿಗೆ ಸರಿಯಾಗಿವೆ. ಎಡಕ್ಕೆ ‘ಕೇಳಿದ್ದು’, ಬಲಕ್ಕೆ ‘ಖಾತ್ರಿ’. ಮಂದಿ ಫೋನ್ ಮಾಡಿ ಹೇಳಿದ್ದೆಲ್ಲ ಎಡಕ್ಕೆ. ನಾನೇ ಹೋಗಿ ನೋಡಿ, ಠಾಣೆಯಲ್ಲೋ ದವಾಖಾನೆಯಲ್ಲೋ ವಿಚಾರಿಸಿದ ಮೇಲೆ ಬಲಕ್ಕೆ. ಪೇಪರಿಗೆ ಹೋಗುವುದು ಖಾತ್ರಿ ಮಾತ್ರ. ಹಾಳೆಯನ್ನು ನಡುವೆ ಮಡಚಿ ನಾನು ಹೀಗೆ ಬರೆಯುವುದನ್ನು ಸಣ್ಣವಳಿದ್ದಾಗ ನೋಡಿದ್ದೆ, ನೆನಪಿಟ್ಟಿದ್ದೀಯ.

ತಕರಾರು ಇರುವುದು ಬಟನ್‌ಗಳದ್ದು. ತೊಗರಿಕಾಳಿನಷ್ಟು ಇವೆ. ಮೌಸಿನ ಬಾಣವನ್ನು ಅಲ್ಲಿಗೆ ತರುವಷ್ಟರಲ್ಲಿ ಕೈ ಇನ್ನೆಲ್ಲೋ ಇರುತ್ತದೆ. ‘ಕಳಿಸು’ ಒತ್ತಲು ಹೋಗಿ ನಿನ್ನೆ ಎಲ್ಲವನ್ನೂ ಅಳಿಸಿದೆ.

ನಿನ್ನ ಅಪ್ಪ
ಗುರುನಾಥ

*

ಜೇವರ್ಗಿ
30 ಜೂನ್ 2024

ಅಪ್ಪಾ,

ಬಟನ್‌ಗಳನ್ನು ದೊಡ್ಡವು ಮಾಡಿ ಕಳಿಸಿದ್ದೇನೆ. ‘ಕಳಿಸು’ ಎಲ್ಲಕ್ಕಿಂತ ದೊಡ್ಡದು, ಚೌಕಗಳ ಕೆಳಗೆ, ಸರಿಯಾಗಿ ನಡುವೆ ಇದೆ. ಹೆಚ್ಚು ಬಳಸುವುದು ದೊಡ್ಡದಿರಬೇಕು, ಹತ್ತಿರ ಇರಬೇಕು. ನಾವು ಕಾಲೇಜಿನಲ್ಲಿ ಕಲಿಸುವುದೂ ಅದನ್ನೇ. ‘ಅಳಿಸು’ ಒತ್ತಿದರೆ ಇನ್ನು ಮೇಲೆ ಒಮ್ಮೆ ಕೇಳಿಯೇ ಅಳಿಸುತ್ತದೆ.

ಹೊಸ ವರ್ಷದ ಮಾತನ್ನು ಅವ್ವನಿಗೆ ಹೇಳಿದ್ದೀರೋ ಇಲ್ಲವೋ? ಮೊನ್ನೆ ಫೋನಿನಲ್ಲಿ ಅವ್ವ, “ನಿಮ್ಮಪ್ಪ ಪಗಾರ ಇಲ್ಲದ ನೌಕರಿಗಿ ಹೊಸ ಹುಡುಗನಂಗ ಓಡ್ಯಾಡಾಕತ್ತಾನ” ಎಂದಳು. ಗೊತ್ತಿದ್ದೂ ಹೇಳಿದಂತಿತ್ತು.

ಪಲ್ಲವಿ

*

ಆಳಂದ
7 ಜುಲೈ 2024

ಪಲ್ಲವಿ,

ಈಗ ಬಾಣ ತಪ್ಪುವುದಿಲ್ಲ. ಬಸ್ ನಿಲ್ದಾಣದ ಕುಡಿಯುವ ನೀರಿನ ಸುದ್ದಿಯನ್ನು ನಿನ್ನೆ ಯಾರ ಸಹಾಯವೂ ಇಲ್ಲದೆ ಟೈಪ್ ಮಾಡಿ ಕಳಿಸಿದೆ. ಶಾಂತಲಿಂಗಪ್ಪ ತಾವೇ ಫೋನ್ ಮಾಡಿದರು. ಏನಂದರು ಎಂದರೆ

*

ಜೇವರ್ಗಿ
18 ಆಗಸ್ಟ್ 2024

ಅಪ್ಪಾ,

ನಿಮ್ಮ ಹಿಂದಿನ ಪತ್ರ ಶಾಂತಲಿಂಗಪ್ಪ ಸಾಹೇಬರು ಬಾಯಿ ತೆರೆಯುವಲ್ಲಿಗೆ ನಿಂತಿದೆ. ಅದನ್ನು ನನ್ನ ಜೊತೆ ಕಲಿಸುವ ಮಸರತಳಿಗೆ ಓದಿ ಹೇಳಿದ್ದೆ. ಅಂದಿನಿಂದ ದಿನಾ ಕೇಳುತ್ತಾಳೆ: “ಏನಂದ್ರಂತ ಬೇ? ನೀ ಕೇಳಲಿಲ್ಲಂದ್ರ ನಾನೇ ಫೋನ್ ಮಾಡ್ತೇನಿ ನೋಡು.”

ಏನಾಗಿದೆ ಎಂದು ತಿಳಿಯಿತು. ಬಟನ್ ಸಣ್ಣದಿದ್ದಾಗ ಒತ್ತಲು ಆಗುತ್ತಿರಲಿಲ್ಲ. ದೊಡ್ಡದು ಮಾಡಿ ನಡುವೆ ಇಟ್ಟ ಮೇಲೆ ಕೈ ದಾಟಿ ಹೋಗುವಾಗಲೇ ಒತ್ತಿಬಿಡುತ್ತದೆ. ಇನ್ನೊಮ್ಮೆ ನಾನು ಊಹೆ ಮಾಡಿ ಬೇರೆ ಕಡೆ ಇಟ್ಟರೆ ಇನ್ನೊಂದು ತಕರಾರು ಬರುತ್ತದೆ. ನಿಮ್ಮ ಕೈ ಎಲ್ಲಿ ಸುಮ್ಮನಿರುತ್ತದೆ, ಎಲ್ಲಿ ಜಾರುತ್ತದೆ ಎನ್ನುವುದು ಜೇವರ್ಗಿಯಲ್ಲಿ ಕುಳಿತವಳಿಗೆ ಕಾಣುವುದಿಲ್ಲ. ಅದಕ್ಕೇ ಈ ಸಲ ಜೋಡಿಸುವ ಕೆಲಸವನ್ನು ನಿಮಗೇ ಬಿಟ್ಟಿದ್ದೇನೆ. ತಡವಾಗಿದ್ದೂ ಅದಕ್ಕೇ.

ಮೇಲ್ಗಡೆ ‘ಜೋಡಿಸು’ ಎಂದು ಹೊಸದೊಂದು ಇದೆ. ಒತ್ತಿದರೆ ಪರದೆಯ ಮೇಲಿನ ಪ್ರತಿ ಬಟನ್ನಿಗೂ ಚೌಕಕ್ಕೂ ಚುಕ್ಕೆಗಳ ಗೆರೆ ಬರುತ್ತದೆ. ನಡುವೆ ಹಿಡಿದು ಎಳೆದರೆ ಅದು ಹಿಂದೆಯೇ ಬರುತ್ತದೆ. ಮೂಲೆ ಹಿಡಿದು ಎಳೆದರೆ ಹಿಗ್ಗುತ್ತದೆ, ಒಳಕ್ಕೆ ತಳ್ಳಿದರೆ ಕುಗ್ಗುತ್ತದೆ. ಬೇಕಾದಲ್ಲಿ ಇಟ್ಟು ‘ಜೋಡಿಸು’ ಮತ್ತೊಮ್ಮೆ ಒತ್ತಿದರೆ ಎಲ್ಲವೂ ಅಲ್ಲಲ್ಲೇ ನಿಲ್ಲುತ್ತದೆ. ಕಂಪ್ಯೂಟರ್ ಬಂದ್ ಮಾಡಿ ಹಚ್ಚಿದರೂ ಕದಲುವುದಿಲ್ಲ.

ತಪ್ಪಾದೀತು ಎಂದು ಹೆದರಬೇಡಿ. ಏನು ಸರಿಸಿದರೂ ಕೆಡುವುದಿಲ್ಲ.

ಪಲ್ಲವಿ

*

ಆಳಂದ
1 ಡಿಸೆಂಬರ್ 2024

ಪಲ್ಲವಿ,

ಬಹಳ ದಿನ ಬರೆಯಲಿಲ್ಲ. ಬರೆಯುವ ಶಕ್ತಿಯೆಲ್ಲ ಪೇಪರಿಗೆ ಹೋಯಿತು. ನೀನು ಅಲ್ಲಿ ಓದುತ್ತಿದ್ದೀಯಲ್ಲ, ಅದೂ ಪತ್ರವೇ ಎಂದು ತಿಳಿದುಕೋ.

ಶಾಂತಲಿಂಗಪ್ಪ ಅಂದಿದ್ದು ಇಷ್ಟೇ: “ನಿಮ್ಮ ಕಾಪಿಯೊಳಗ ತಿದ್ದೂವಂಥಾದ್ದು ಏನೂ ಇಲ್ರಿ.” ಮಸರತಳಿಗೆ ಹೇಳು, ಆಕೆ ಫೋನ್ ಮಾಡುವುದು ಬೇಡ.

‘ಜೋಡಿಸು’ ನನಗೆ ಬಹಳ ಸೇರಿದೆ. ಶುರುವಿನಲ್ಲಿ ದಿನಕ್ಕೊಂದು ಸಲ ಎಲ್ಲವನ್ನೂ ಅತ್ತಿತ್ತ ಮಾಡಿದೆ. ನಿಮ್ಮವ್ವ ಅಂಗನವಾಡಿಯಿಂದ ಬಂದವಳು ಹಿಂದೆ ನಿಂತು ನೋಡಿ, “ಮನ್ಯಾಗ ಒಂದ್ ಖುರ್ಚಿ ಸರಸು ಅಂದ್ರ ನಡಾ ನೋಯ್ತದ. ಇಲ್ಲಿ ನೋಡಿದ್ರ ಇಡೀ ಮನಿ ಸರಸಾಕತ್ತೀರಿ” ಎಂದಳು. ಪುಕ್ಕಟೆ ಸರಿಯುವ ಸಾಮಾನು ಇದೊಂದೇ ಎಂದೆ.

ಈಗ ‘ಅಳಿಸು’ವನ್ನು ಒಂದು ಮೂಲೆಗೆ ಗಡಿಪಾರು ಮಾಡಿದ್ದೇನೆ. ಅಕ್ಷರ ದೊಡ್ಡದು ಮಾಡುವ ಬಟನ್ ಹತ್ತಿರ ಬಂದಿದೆ. ‘ಕಳಿಸು’ ಬಲಗಡೆ ಅಂಚಿನಲ್ಲಿದೆ, ಅಂಗೈಯಷ್ಟು ದೊಡ್ಡದು. ತೊಗರಿ ಬೆಳೆಯ ಗೊಡ್ಡು ರೋಗ, ಖಜೂರಿ ಚೆಕ್‌ಪೋಸ್ಟಿನ ಲಾರಿ ಸಾಲು, ಸರಸಂಬಾ ಶಾಲೆಯ ಹೊಸ ಕೋಣೆ, ಎಲ್ಲವೂ ನಾನೇ ಟೈಪ್ ಮಾಡಿದ್ದು. ಹೊಸ ವರ್ಷಕ್ಕೆ ಹೆದರಿಕೆ ಇಲ್ಲ.

ಒಂದು ಬದಲಾವಣೆ ಮಾಡುವವನಿದ್ದೇನೆ. ಬಲಗೈ ಮೌಸಿಗೆ ಆಗುತ್ತಿಲ್ಲ, ಎಡಗೈ ಇನ್ನೂ ಗಟ್ಟಿ ಇದೆ. ಮೌಸನ್ನು ಎಡಕ್ಕೆ ಇಟ್ಟು, ಪರದೆಯ ಮೇಲೆ ಬಲಕ್ಕಿದ್ದದ್ದನ್ನೆಲ್ಲ ಎಡಕ್ಕೆ, ಎಡಕ್ಕಿದ್ದದ್ದನ್ನೆಲ್ಲ ಬಲಕ್ಕೆ ತರುತ್ತೇನೆ. ಚೌಕಗಳನ್ನೂ ಸಹ. ಕೆಡುವುದಿಲ್ಲ ಎಂದು ನೀನೇ ಬರೆದಿದ್ದೀಯ.

ಅಪ್ಪ

*

ಆಳಂದ
12 ಡಿಸೆಂಬರ್ 2024

ಪಲ್ಲವಿ,

ಇದನ್ನು ಪ್ರೋಗ್ರಾಮಿನಲ್ಲಿ ಕಳಿಸುತ್ತಿಲ್ಲ. ನಾನು ಹೇಳುತ್ತಿದ್ದೇನೆ, ನಿಮ್ಮವ್ವ ಬರೆಯುತ್ತಿದ್ದಾಳೆ. ಅಂಚೆಗೆ ಹಾಕುತ್ತೇವೆ.

ಮಂಗಳವಾರ ಸಂಜೆ ಭೂಸನೂರ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿತು. ಹೋಟೆಲಿನವನೊಬ್ಬ ಫೋನ್ ಮಾಡಿ, ಸರಸಂಬಾದ ಚಾಲಕ ಸೈದಪ್ಪ ಅಲ್ಲೇ ಹೋಗಿಬಿಟ್ಟ ಎಂದ. ಅದನ್ನು ‘ಕೇಳಿದ್ದು’ ಚೌಕದಲ್ಲಿ ಹಾಕಿದೆ. ಕೇಳಿದ್ದನ್ನೂ ಪೂರ್ತಿ ವಾಕ್ಯದಲ್ಲಿ, ತಲೆಬರಹ ಸಮೇತ ಬರೆಯುವುದು ನನ್ನ ರೂಢಿ. ಖಾತ್ರಿಯಾದರೆ ಹಾಗೆಯೇ ಎತ್ತಿಕೊಳ್ಳಬಹುದು ಎಂದು. ಆಮೇಲೆ ದವಾಖಾನೆಗೆ ಹೋದೆ. ಸೈದಪ್ಪ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದ. ಮಾತಾಡಿಸಿ ಬಂದು, ‘ಚಾಲಕನಿಗೆ ಗಾಯ’ ಎಂದು ಖಾತ್ರಿ ಚೌಕದಲ್ಲಿ ಬರೆದು ಕಳಿಸಿದೆ. ಎಡಗೈಗೆ ಬದಲಿಸಿದ ಮೇಲೆ ಕಳಿಸಿದ ಮೊದಲ ಸುದ್ದಿ ಅದು.

ಬುಧವಾರ ಪೇಪರಿನಲ್ಲಿ ‘ಟ್ರ್ಯಾಕ್ಟರ್ ಮಗುಚಿ ಚಾಲಕ ಸಾವು’ ಎಂದು ಬಂತು. ಕೆಳಗೆ ಸೈದಪ್ಪನ ಹೆಸರು, ಊರು.

ಮಧ್ಯಾಹ್ನದ ಹೊತ್ತಿಗೆ ಅವನು ಯಾರದ್ದೋ ಬೈಕಿನ ಹಿಂದೆ ಕುಳಿತು ಬಂದ. ಇನ್ನೊಂದು ಬೈಕಿನಲ್ಲಿ ಅವನ ಹೆಂಡತಿ ನಿಂಬೆವ್ವ. ಒಳಗೆ ಬಾ ಎಂದರೂ ಬರದೆ ಕಟ್ಟೆಯ ಮೇಲೆ ಕುಳಿತು ಪೇಪರ್ ಬಿಚ್ಚಿದ.

“ನಿನ್ನಿ ದವಾಖಾನ್ಯಾಗ ನನ್ನ ಜೋಡಿ ಮಾತಾಡಿ ಹ್ವಾದ್ರಿ. ನಂದು ವಯಸ್ಸು ಕೇಳಿದ್ರಿ, ಹೇಳಿದ್ನಿ. ಸತ್ತವ ವಯಸ್ಸು ಹೇಳ್ತಾನೇನ್ರಿ?”

ಅವನೇ ಮುಂದುವರಿಸಿದ: “ನಮ್ಮ ಹೆಣ್ತಿ ಅಣ್ಣ ಅಫಜಲಪುರದಿಂದ ಹಾರ ತಗೊಂಡು, ಜೀಪ್ ತುಂಬ ಮಂದಿ ಕರ್ಕೊಂಡು ಬಂದಾನ್ರಿ. ಬಂದು ನೋಡಿದ್ರ ನಾ ಚಾ ಕುಡ್ಯಾಕತ್ತೇನಿ. ಹಾರ ಏನ್ ಮಾಡ್ಲಿ ಅಂತ ನನ್ನೇ ಕೇಳ್ತಾನ.”

ಬೈಕ್ ಹೊಡೆದುಕೊಂಡು ಬಂದ ಹುಡುಗರು ನಕ್ಕರು. ನಿಂಬೆವ್ವ ನಗಲಿಲ್ಲ.

“ನಗಬ್ಯಾಡ್ರಿ. ನಮ್ಮ ಮಗಳು ಇದನ್ನ ಶಾಲ್ಯಾಗ ಓದ್ಯಾಳ. ಓಡಿ ಬಂದು ಅವರಪ್ಪನ ಮುಖ ಮುಟ್ಟಿ ಮುಟ್ಟಿ ನೋಡ್ಯಾಳ. ಇನ್ನೂ ಕೈ ಬಿಟ್ಟಿಲ್ಲ ಆಕಿ.”

ಕೈಮುಗಿದು ತಪ್ಪು ನನ್ನದು ಎಂದೆ. ಚಹಾ ಕೊಟ್ಟರೆ ಸೈದಪ್ಪ ಕುಡಿದ, ನಿಂಬೆವ್ವ ಕುಡಿಯಲಿಲ್ಲ.

ಇಷ್ಟು ಸಂಗತಿ. ಯಾವ ಚೌಕದಲ್ಲಿ ಬರೆದೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಪರದೆಯ ಮೇಲೆ ಈಗಲೂ ಎರಡೂ ಹಾಗೆಯೇ ಇವೆ. ನೋಡಿ ಹೇಳು.

ಅಪ್ಪ

ಇದು ನಾ ಬರಿಯಾಕತ್ತೇನಿ, ಅವ್ವ. ನಿಮ್ಮಪ್ಪ ನಿನ್ನಿಯಿಂದ ಸರಿಯಾಗಿ ಉಂಡಿಲ್ಲ. ಶಾಂತಲಿಂಗಪ್ಪ ಫೋನ್ ಮಾಡಿದ್ದ. ಇವರು ‘ಹೌದ್ರಿ, ತಪ್ಪು ನಂದೇ’ ಅಂದ್ರು. ಲಗೂನ ನೋಡವ್ವ. — ಚಂದಮ್ಮ

*

ಜೇವರ್ಗಿ
15 ಡಿಸೆಂಬರ್ 2024

ಅಪ್ಪಾ,

ಪತ್ರ ಶನಿವಾರ ಸಿಕ್ಕಿತು. ಅದೇ ದಿನ ಪ್ರೋಗ್ರಾಮನ್ನು ತೆರೆದು, ನೀವು ಮಾಡಿದಂತೆಯೇ ಎಡ ಬಲ ಬದಲಿಸಿ ನೋಡಿದೆ. ನಾನು ಕಳಿಸಿದಾಗಲೂ ‘ಕೇಳಿದ್ದು’ ಚೌಕದಲ್ಲಿದ್ದದ್ದೇ ಹೋಯಿತು.

ಕಾರಣ ಇದು. ಮೊದಲ ದಿನ ನಾನು ಪ್ರೋಗ್ರಾಮಿಗೆ ಕೊಟ್ಟ ಆಜ್ಞೆ, ‘ಬಲಗಡೆಯ ಚೌಕದಲ್ಲಿ ಇರುವುದನ್ನು ಕಳಿಸು’ ಎಂದು. ಆಗ ಚೌಕಗಳು ಕದಲುತ್ತಿರಲಿಲ್ಲ, ಬಲಕ್ಕೆ ಯಾವಾಗಲೂ ಖಾತ್ರಿಯೇ ಇರುತ್ತಿತ್ತು. ಆಮೇಲೆ ಚೌಕಗಳಿಗೆ ಸರಿಯಲು ಬಿಟ್ಟೆ. ಆ ಹಳೆಯ ಆಜ್ಞೆಯನ್ನು ಬದಲಿಸಲಿಲ್ಲ. ನೀವು ಖಾತ್ರಿಯನ್ನು ಎಡಕ್ಕೆ ಒಯ್ದಿರಿ. ಪ್ರೋಗ್ರಾಮ್ ಹೆಸರು ನೋಡಲಿಲ್ಲ, ಜಾಗ ನೋಡಿತು.

ಏನು ಸರಿಸಿದರೂ ಕೆಡುವುದಿಲ್ಲ ಎಂದು ಬರೆದವಳು ನಾನು. ನಿಂಬೆವ್ವನ ಮಗಳ ವಿಷಯ ಓದಿದ ಮೇಲೆ ಆ ದಿನದ ಕ್ಲಾಸಿನಲ್ಲಿ ಮನಸ್ಸು ನಿಲ್ಲಲಿಲ್ಲ.

ಎರಡು ಕೆಲಸ ಮಾಡುತ್ತೇನೆ. ಒಂದು, ಶಾಂತಲಿಂಗಪ್ಪ ಸಾಹೇಬರಿಗೆ ಇದು ವರದಿಗಾರರ ತಪ್ಪಲ್ಲ, ಪ್ರೋಗ್ರಾಮಿನ ತಪ್ಪು ಎಂದು ನಾನೇ ಬರೆಯುತ್ತೇನೆ. ಎರಡು, ‘ಜೋಡಿಸು’ ತೆಗೆದುಹಾಕುತ್ತೇನೆ. ಎಡಗೈಗೆ ಹೊಂದುವಂತೆ ಒಂದೇ ಸಲ ಸರಿಯಾಗಿ ಜೋಡಿಸಿ, ಮತ್ತೆ ಕದಲದಂತೆ ಮಾಡಿ ಕೊಡುತ್ತೇನೆ.

ಪಲ್ಲವಿ

*

ಆಳಂದ
20 ಡಿಸೆಂಬರ್ 2024

ಪಲ್ಲವಿ,

ಇದೂ ನಿಮ್ಮವ್ವನ ಅಕ್ಷರ.

ಕಚೇರಿಗೆ ನೀನು ಬರೆಯಬೇಡ. ಸುದ್ದಿಯ ಮೇಲೆ ‘ಆಳಂದ ವರದಿಗಾರ’ ಎಂದು ಇರುತ್ತದೆ, ಪ್ರೋಗ್ರಾಮಿನ ಹೆಸರು ಇರುವುದಿಲ್ಲ. ಹಿಂದೆ ಅಚ್ಚಿನ ಮೊಳೆ ಜೋಡಿಸುವವರು ತಪ್ಪಿದಾಗಲೂ ನಾವು ಓದುಗರಿಗೆ ಅವರನ್ನು ತೋರಿಸಿಕೊಟ್ಟು ಬದಿಗೆ ಸರಿಯಲಿಲ್ಲ. ತಿದ್ದುಪಡಿಯನ್ನು ನಾನೇ ಬರೆದೆ. ಸೈದಪ್ಪ ಬದುಕಿದ್ದಾನೆ, ಸುದ್ದಿ ತಪ್ಪು, ಕುಟುಂಬಕ್ಕೆ ಆದ ನೋವಿಗೆ ವಿಷಾದವಿದೆ ಎಂದು. ಒಳಪುಟದಲ್ಲಿ ಬೇಡ, ತಪ್ಪು ಬಂದ ಪುಟದಲ್ಲೇ, ಬಂದ ಜಾಗದಲ್ಲೇ ಹಾಕಿರಿ ಎಂದು ಶಾಂತಲಿಂಗಪ್ಪನವರನ್ನು ಕೇಳಿದೆ. ಹಾಕಿದರು. ಆ ಪೇಪರ್ ಹಿಡಿದು ಸರಸಂಬಾಕ್ಕೆ ಹೋಗಿ ಸೈದಪ್ಪನ ಮಗಳ ಕೈಯಲ್ಲಿ ಕೊಟ್ಟೆ. ಆಕೆ ಜೋರಾಗಿ ಓದಿದಳು. ನಿಂಬೆವ್ವ ಈ ಸಲ ಚಹಾ ಮಾಡಿದಳು.

ಶಾಂತಲಿಂಗಪ್ಪ ಇನ್ನೂ ಏನೂ ತೀರ್ಮಾನ ಮಾಡಿಲ್ಲ. “ಜನವರ್ಯಾಗ ಆಳಂದಕ್ಕ ಬರ್ತೇನಿ. ನೀವು ಹೆಂಗ ಕಳಸ್ತೀರಿ ಅಂಬೋದನ್ನ ನನ್ನ ಕಣ್ಣಿಲೇ ನೋಡಬೇಕು. ಅಲ್ಲೀತನಕ ಸುದ್ದಿ ಕಳಿಸಬ್ಯಾಡ್ರಿ” ಎಂದಿದ್ದಾರೆ. ನ್ಯಾಯದ ಮಾತು.

ಈಗ ನಿನ್ನ ಎರಡನೆಯ ಮಾತು. ‘ಜೋಡಿಸು’ ತೆಗೆಯಬೇಡ. ತಪ್ಪು ಚೌಕ ಸರಿದದ್ದರಲ್ಲಿ ಇಲ್ಲ. ಸರಿದ ಮೇಲೂ ಖಾತ್ರಿ ಖಾತ್ರಿಯಾಗಿಯೇ ಇರಬೇಕಿತ್ತು, ಇರಲಿಲ್ಲ. ಅದನ್ನು ಸರಿಮಾಡು. ನನ್ನ ಕೈ ಇವತ್ತು ಇದ್ದಂತೆ ಮುಂದಿನ ದೀಪಾವಳಿಗೆ ಇರುವುದಿಲ್ಲ. ನೀನು ಒಂದೇ ಸಲ ಸರಿಯಾಗಿ ಜೋಡಿಸಿ ಕೀಲಿ ಹಾಕಿದರೆ ಅದು ಇವತ್ತಿನ ಕೈಗೆ ಸರಿ. ನಾಳೆ?

ಅಪ್ಪ

*

ಜೇವರ್ಗಿ
5 ಜನವರಿ 2025

ಅಪ್ಪಾ,

ಕಳಿಸಿದ್ದೇನೆ. ‘ಜೋಡಿಸು’ ಇದೆ.

ಈಗ ಪ್ರೋಗ್ರಾಮ್ ಜಾಗವನ್ನು ನೋಡುವುದೇ ಇಲ್ಲ. ಖಾತ್ರಿ ಚೌಕ ಎಲ್ಲಿಗೆ ಹೋದರೂ ತನ್ನ ಹೆಸರನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ‘ಕಳಿಸು’ ಅದನ್ನು ಮಾತ್ರ ಗುರುತಿಸುತ್ತದೆ. ‘ಕೇಳಿದ್ದು’ ಚೌಕಕ್ಕೂ ಕಳಿಸುವುದಕ್ಕೂ ಯಾವ ಸಂಬಂಧವನ್ನೂ ಉಳಿಸಿಲ್ಲ. ಅದರ ಹಿನ್ನೆಲೆಗೆ ಅರಿಸಿನ ಬಣ್ಣ ಕೊಟ್ಟಿದ್ದೇನೆ, ಎಲ್ಲಿ ಇಟ್ಟರೂ ಬಣ್ಣ ಬದಲಾಗುವುದಿಲ್ಲ.

ಈ ಸಲ ಕೆಡುವುದಿಲ್ಲ ಎಂದು ಬರೆಯುವ ಮೊದಲು ಕೆಡಿಸಲು ನೋಡಿದೆವು. ಮಸರತ ಒಂದರ ಮೇಲೊಂದು ಹೇರಿದಳು, ಚೌಕವನ್ನು ಗೆರೆಯಷ್ಟು ಕುಗ್ಗಿಸಿದಳು, ಪರದೆಯ ಹೊರಗೆ ತಳ್ಳಿದಳು. ಹೊರಗೆ ತಳ್ಳಿದಾಗ ನಿಜವಾಗಿಯೂ ಕೆಟ್ಟಿತು, ಸರಿಮಾಡಿದೆ. ಈಗ ಅಂಚಿಗೆ ಬಂದು ನಿಲ್ಲುತ್ತದೆ. ಕೊನೆಗೆ ಆಕೆ, “ಇನ್ನ ನನ್ನ ಕಡಿಂದ ಆಗಂಗಿಲ್ಲ, ನಿಮ್ಮಪ್ಪನೇ ಕೆಡಿಸ್ಲಿ” ಎಂದಳು.

‘ಕಳಿಸು’ವನ್ನು ನಾನು ಮುಟ್ಟಿಲ್ಲ. ಎಲ್ಲಿ, ಎಷ್ಟು ದೊಡ್ಡದು ಎನ್ನುವುದು ನಿಮಗೆ ಬಿಟ್ಟದ್ದು.

ಪಲ್ಲವಿ

*

ಆಳಂದ
19 ಜನವರಿ 2025

ಪಲ್ಲವಿ,

ನಿಮ್ಮವ್ವನಿಗೆ ರಜೆ ಕೊಟ್ಟಿದ್ದೇನೆ. ಇದು ನಾನೇ ಟೈಪ್ ಮಾಡಿದ್ದು.

ಶಾಂತಲಿಂಗಪ್ಪ ಶುಕ್ರವಾರ ಬಂದರು. ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕುಳಿತರು. ಆ ದಿನ ಎಪಿಎಂಸಿಯಲ್ಲಿ ತೊಗರಿ ಖರೀದಿ ನಿಂತಿದೆ ಎಂದು ಒಂದು ಫೋನ್ ಬಂದಿತ್ತು, ಅದು ಅರಿಸಿನ ಚೌಕದಲ್ಲಿತ್ತು. ಅವರನ್ನೂ ಕರೆದುಕೊಂಡು ಹೋಗಿ ವಿಚಾರಿಸಿದೆ. ನಿಂತಿದ್ದು ಖರೀದಿಯಲ್ಲ, ಕರೆಂಟು. ಮನೆಗೆ ಬಂದು ಖಾತ್ರಿ ಚೌಕದಲ್ಲಿ ಬರೆದೆ. ಅವರು ನೋಡುತ್ತಿದ್ದರು. ಕಳಿಸಲು ಮೌಸ್ ಹಿಡಿದಾಗ ಮುಂದೆ ಬಾಗಿ ಕೇಳಿದರು:

“ಎಲ್ಲಾ ಬಟನ್ ರೊಟ್ಟಿಯಷ್ಟು ಅದಾವು. ಇದೊಂದ್ಯಾಕ್ರಿ ಇಷ್ಟು ಸಣ್ಣದು? ಅದೂ ಇಷ್ಟು ದೂರ?”

ಏಕೆಂದರೆ ‘ಕಳಿಸು’ವನ್ನು ನಾನು ಮತ್ತೆ ತೊಗರಿಕಾಳಿನಷ್ಟು ಮಾಡಿದ್ದೇನೆ. ಬಲಗಡೆ ಮೇಲಿನ ಮೂಲೆಯಲ್ಲಿ ಇಟ್ಟಿದ್ದೇನೆ, ಎಡಗೈಯಿಂದ ಎಲ್ಲಕ್ಕಿಂತ ದೂರ. ಹೆಚ್ಚು ಬಳಸುವುದು ದೊಡ್ಡದಿರಬೇಕು, ಹತ್ತಿರ ಇರಬೇಕು ಎಂದು ನೀನು ಬರೆದಿದ್ದೆ. ಉಳಿದದ್ದಕ್ಕೆಲ್ಲ ಆ ಮಾತು ಸರಿ. ಆದರೆ ಇದನ್ನು ಒತ್ತಿದ ಮೇಲೆ ಸುದ್ದಿ ನನ್ನದಾಗಿ ಉಳಿಯುವುದಿಲ್ಲ. ಆ ಮೂಲೆಗೆ ಹೋಗಬೇಕಾದರೆ ಕೈ ಇಡೀ ಸುದ್ದಿಯನ್ನು ದಾಟಿ ಹೋಗಬೇಕು. ಮೊಣಕೈ ಮೇಜಿಗೆ ಊರಿ, ಉಸಿರು ಹಿಡಿದು, ಒಮ್ಮೆಗೇ ಸಿಗದೆ ಮತ್ತೆ ಪ್ರಯತ್ನಿಸಬೇಕು. ಅಷ್ಟರಲ್ಲಿ ಕಣ್ಣು ಇನ್ನೊಮ್ಮೆ ಓದಿ ಮುಗಿಸಿರುತ್ತದೆ. ಯಾರ ಹೆಸರು, ಯಾವ ಊರು, ಬದುಕಿದ್ದಾನೋ ಇಲ್ಲವೋ.

ಅವರಿಗೆ ಇಷ್ಟೆಲ್ಲ ಹೇಳಲಿಲ್ಲ. “ಸೈದಪ್ಪನ ಮಗಳ ಸಲುವಾಗಿ ಹಂಗ ಮಾಡೇನ್ರಿ” ಎಂದೆ.

ಅವರು ಚಹಾ ಕುಡಿದು ಮುಗಿಸಿದರು. ಏಳುವಾಗ, “ನಮ್ಮ ಕಚೇರ್ಯಾಗ ಹುಡುಗ್ರು ಕಣ್ಣು ಮುಚ್ಚಿ ಬಟನ್ ಒತ್ತಾಕತ್ತಾರ. ನಿಮ್ಮ ಮಗಳಿಗಿ ಕೇಳ್ರಿ, ಅವರಿಗೂ ಇಷ್ಟು ಸಣ್ಣದು ಮಾಡಿಕೊಡ್ತಾಳೇನು” ಎಂದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು, “ಆಳಂದಕ್ಕ ಬ್ಯಾರೆದವರನ್ನ ಹುಡುಕೂದಿಲ್ರಿ. ನಾಳಿಂದ ಸುದ್ದಿ ಕಳಸ್ರಿ” ಎಂದು ಹೋದರು. ಪಕ್ಕದ ಕಿಟಕಿಯಿಂದ ಬದರುನ್ನಿಸಾ, “ಮುಬಾರಕ್ ರಿ ಭಾಯಿ” ಎಂದರು. ಗೋಡೆ ಇನ್ನೂ ತೆಳುವಾಗಿಯೇ ಇದೆ.

ಈಗ ಸೈದಪ್ಪನೇ ನನಗೆ ಸುದ್ದಿ ಕೊಡಲು ಶುರು ಮಾಡಿದ್ದಾನೆ. ಫೋನ್ ಎತ್ತಿದರೆ ಮೊದಲು, “ಬದುಕಿದ ಸೈದಪ್ಪ ಮಾತಾಡಾಕತ್ತೇನ್ರಿ” ಎನ್ನುತ್ತಾನೆ. ಇವತ್ತು ಖಜೂರಿ ಕಡೆ ಸೇತುವೆಯ ತಡೆಗೋಡೆ ಒಡೆದಿದೆ ಎಂದ. ಅರಿಸಿನ ಚೌಕದಲ್ಲಿ ಹಾಕಿಟ್ಟಿದ್ದೇನೆ. ನಿನಗಿದನ್ನು ಕಳಿಸಿ, ಮಧ್ಯಾಹ್ನದ ಬಸ್ಸಿಗೆ ಹೋಗಿ ನೋಡಿ ಬರುತ್ತೇನೆ.

ಬಟನ್ ಮೂಲೆಯಲ್ಲಿದೆ. ಕೈ ಹೊರಟಿದೆ.

ನಿನ್ನ ಅಪ್ಪ
ಗುರುನಾಥ